ನೀಲಕಂಠರಾಯನಗಡ್ಡಿಗೆ ಸೇತುವೆ ಬಂದ ಕಥೆ

ಹೊಳೆ ನಡುವಿನ ನೆಲಕ್ಕೆ ನಮ್ಮ ಕಡೆ ಗಡ್ಡಿ ಅಂತಾರೆ. ಸುರಪುರ ತಾಲ್ಲೂಕಿನ ಕಕ್ಕೇರಾ ಸಮೀಪ, ಕೃಷ್ಣಾ ನದಿಯ ನಡುವೆ ಇರುವ ನೀಲಕಂಠರಾಯನಗಡ್ಡಿ ಅಂಥದೊಂದು ಊರು. ಬೇಸಿಗೆಯಲ್ಲಿ ನೀರು ಇಳಿದಾಗ ಹೊಳೆ ದಾಟುವುದು ಕಷ್ಟವಿರಲಿಲ್ಲ. ಮಳೆಗಾಲ ಬಂತೆಂದರೆ ಸಂತೆಯೂ ದವಾಖಾನೆಯೂ ದೂರವಾಗುತ್ತಿದ್ದವು. ಸೆಳವು ಕಡಿಮೆ ಇದ್ದರೆ ತೆಪ್ಪ, ಹೆಚ್ಚಾದರೆ ಈಜು.

1982ರಲ್ಲಿ ನಾರಾಯಣಪುರದ ಬಸವಸಾಗರ ಜಲಾಶಯ ಆಯಿತು. ಗಡ್ಡಿ ಇರುವುದು ಅದರ ಕೆಳಗೆ. ಮಹಾರಾಷ್ಟ್ರದ ಮಹಾಬಳೇಶ್ವರ, ಕೊಯ್ನಾ ಕಡೆ ಮಳೆ ಸುರಿದರೆ ಆಲಮಟ್ಟಿ ತುಂಬುತ್ತದೆ, ಅಲ್ಲಿಂದ ಬಿಟ್ಟ ನೀರು ನಾರಾಯಣಪುರಕ್ಕೆ ಬರುತ್ತದೆ, ಅಲ್ಲಿನ ಗೇಟು ಎತ್ತಿದರೆ ಹೊಳೆ ಏರುತ್ತದೆ. ನಮ್ಮಲ್ಲಿ ಬಿಸಿಲಿದ್ದರೂ ಅಷ್ಟೆ. ಅದಕ್ಕೇ ಹೊಳೆದಂಡೆಯ ಜನ ಮೋಡ ನೋಡುವುದಿಲ್ಲ, 'ಎಷ್ಟು ಕ್ಯುಸೆಕ್ ಬಿಟ್ಟಾರ?' ಅಂತ ಕೇಳುತ್ತಾರೆ. ಒಂದು ಕ್ಯುಸೆಕ್ ಅಂದರೆ ಸೆಕೆಂಡಿಗೆ ಸುಮಾರು 28 ಲೀಟರ್ ನೀರು.

2014ರ ಜುಲೈ ಕೊನೆಯಲ್ಲಿ ಹೀಗೇ ಹೊಳೆ ತುಂಬಿತ್ತು. ಗಡ್ಡಿಯ ತುಂಬು ಗರ್ಭಿಣಿಯೊಬ್ಬರು ಒಣಗಿದ ಸೋರೆಕಾಯಿ ಬುರುಡೆಗಳ ಆಸರೆಯಲ್ಲಿ ನೀರಿಗಿಳಿದರು. ಮನೆಯ ಗಂಡಸರು ಜೊತೆಗೆ ಈಜಿದರು. ಹೆರಿಗೆ ದವಾಖಾನೆಯಲ್ಲೇ ಆಗಲಿ ಎಂಬುದೊಂದೇ ಅವರ ಆಸೆ. ಅವರು ದಡ ಸೇರಿದ ಸುದ್ದಿ ದೇಶದ ತುಂಬಾ ಹರಡಿತು. ಸಾಹಸ ಅಂತ ಹೊಗಳಿದವರೇ ಹೆಚ್ಚು. ಆದರೆ ಸೇತುವೆ ಇದ್ದಿದ್ದರೆ ಆ ಸಾಹಸ ಬೇಕೇ ಇರಲಿಲ್ಲ.

ಮುಂದಿನ ವರ್ಷಗಳಲ್ಲಿ ಗಡ್ಡಿಗೆ ಸೇತುವೆ ಬಂತು. ಆದರೆ ಹೊಳೆಯ ಭಯ ಪೂರ್ತಿ ಹೋಗಲಿಲ್ಲ. 2019ರ ಆಗಸ್ಟ್‌ನಲ್ಲಿ ನಾರಾಯಣಪುರದಿಂದ 6 ಲಕ್ಷ ಕ್ಯುಸೆಕ್‌ವರೆಗೆ ನೀರು ಹರಿದಾಗ ಗಡ್ಡಿಯ ದಾರಿ ಮತ್ತೆ ಕಡಿಯಿತು. ಶಹಾಪುರದಿಂದ ದೇವದುರ್ಗಕ್ಕೆ ಹೋಗುವ ಕೊಳ್ಳೂರು (ಎಂ) ಸೇತುವೆಯೂ ಮುಳುಗಿತು.

ಎರಡೂ ಊರಿನ ಕಷ್ಟ ಒಂದೇ ಅಲ್ಲ. ಕೊಳ್ಳೂರಿನಲ್ಲಿ ರಸ್ತೆ ಬಂದಾದರೆ ಸುರಪುರದ ಮೇಲೆ ಸುತ್ತು ಹಾಕಿ ತಿಂಥಣಿ ಬ್ರಿಜ್‌ನಿಂದ ಹೊಳೆ ದಾಟಬಹುದು. ಡೀಸೆಲ್ಲು ಸುಡುತ್ತದೆ, ಹೊತ್ತು ಹೋಗುತ್ತದೆ, ಆದರೂ ದಾರಿ ಇದೆ. ಗಡ್ಡಿಗೆ ಸುತ್ತು ದಾರಿ ಅನ್ನುವುದೇ ಇಲ್ಲ, ಸುತ್ತಲೂ ಹೊಳೆಯೇ.

ಗಡ್ಡಿಯವರಿಗೆ ಸೇತುವೆಯ ಅಗತ್ಯ ಹೆಚ್ಚಾಗಿ ಬೀಳುವುದೇ ಹೊಳೆ ತುಂಬಿದ ದಿನಗಳಲ್ಲಿ. ಅದು ಎಷ್ಟು ನೀರಿನವರೆಗೆ ದಾಟಿಸುತ್ತದೆ ಅನ್ನುವುದು ಪ್ರತಿ ಮನೆಗೂ ಗೊತ್ತಿರಬೇಕು. ಗೇಟು ಎತ್ತುವ ಮೊದಲೇ ಬಸುರಿ ಹೆಣ್ಣುಮಕ್ಕಳನ್ನು, ಹಾಸಿಗೆ ಹಿಡಿದವರನ್ನು ದಡಕ್ಕೆ ಕರೆತರಬೇಕು. ಸೋರೆಬುರುಡೆ ಕಟ್ಟಿಕೊಂಡು ಹೊಳೆಗಿಳಿಯುವ ಪಾಳಿ ಇನ್ನೊಬ್ಬ ತಾಯಿಗೆ ಬರಬಾರದು.