ಅಮೆರಿಕ: ಹೆಸರು ಅಳಿದ ಪ್ರಾದೇಶಿಕ ಔಷಧ ಮಳಿಗೆಗಳು

ಅಮೆರಿಕದ ಸಿಯಾಟಲ್ ನಗರದಲ್ಲಿ 1890ರಲ್ಲಿ ಆರಂಭವಾದ ಬಾರ್ಟೆಲ್ ಡ್ರಗ್ಸ್ 130 ವರ್ಷ ಒಂದೇ ಕುಟುಂಬದ ಒಡೆತನದಲ್ಲಿ ನಡೆಯಿತು. 2020ರಲ್ಲಿ ರೈಟ್ ಏಡ್ ಕಂಪೆನಿ ಅದನ್ನು 9.5 ಕೋಟಿ ಡಾಲರ್‌ಗೆ ಕೊಂಡಿತು. ಐದು ವರ್ಷ ಕಳೆಯುವಷ್ಟರಲ್ಲಿ ಕೊಂಡ ಕಂಪೆನಿಯೇ ದಿವಾಳಿಯೆದ್ದು, ಎರಡೂ ಹೆಸರುಗಳು ಇತಿಹಾಸದ ಪುಟ ಸೇರಿದವು. ಆ ದೇಶದ ಹತ್ತಾರು ಪ್ರಾದೇಶಿಕ ಔಷಧ ಮಳಿಗೆ ಸರಣಿಗಳ ಕಥೆಯೂ ಹೆಚ್ಚು ಕಡಿಮೆ ಇದೇ ಆಗಿದೆ.

ಅಮೆರಿಕದ ‘ಡ್ರಗ್‌ಸ್ಟೋರ್’ ನಮ್ಮ ಊರುಗಳ ಮೆಡಿಕಲ್ ಶಾಪ್‌ಗಿಂತ ಭಿನ್ನವಾದುದು. ಔಷಧದ ಜತೆಗೆ ಸೋಪು, ಸೌಂದರ್ಯ ಸಾಮಗ್ರಿ, ಪತ್ರಿಕೆ, ತಿಂಡಿ, ಐಸ್‌ಕ್ರೀಮ್ ಎಲ್ಲವೂ ಅಲ್ಲಿ ದೊರೆಯುತ್ತಿದ್ದವು. ಹೀಗಾಗಿ ಒಂದೊಂದು ಪ್ರದೇಶಕ್ಕೂ ತನ್ನದೇ ಆದ ಸರಣಿಯೊಂದು ಗುರುತಾಗಿ ಬೆಳೆದಿತ್ತು.

ಊರಿಗೊಂದು ಹೆಸರು

ರಾಜಧಾನಿ ವಾಷಿಂಗ್ಟನ್‌ನಲ್ಲಿ 1905ರಲ್ಲಿ ಸ್ಥಾಪನೆಯಾದ ಪೀಪಲ್ಸ್ ಡ್ರಗ್ 1990ರಲ್ಲಿ ಸಿವಿಎಸ್ ಪಾಲಾಯಿತು. 1994ರಲ್ಲಿ ಅದರ ನಾಮಫಲಕಗಳನ್ನು ಇಳಿಸಲಾಯಿತು. ಒಹಾಯೊ ರಾಜ್ಯದಲ್ಲಿ ಕೇಂದ್ರ ಕಚೇರಿ ಹೊಂದಿದ್ದ ರೆವ್ಕೊ ದೇಶದ ಅತಿ ದೊಡ್ಡ ಸರಣಿಗಳಲ್ಲಿ ಒಂದಾಗಿತ್ತು. 1986ರಲ್ಲಿ ಭಾರೀ ಸಾಲ ಎತ್ತಿ ನಡೆಸಿದ ಮಾಲೀಕತ್ವ ಬದಲಾವಣೆ ಅದಕ್ಕೆ ಮುಳುವಾಯಿತು. 1988ರಲ್ಲಿ ದಿವಾಳಿ ಅರ್ಜಿ ಸಲ್ಲಿಸಿ, 1992ರಲ್ಲಿ ಚೇತರಿಸಿಕೊಂಡ ರೆವ್ಕೊವನ್ನು ಕೊಳ್ಳಲು ರೈಟ್ ಏಡ್ ಮುಂದಾದಾಗ ಸ್ಪರ್ಧೆ ಕುಗ್ಗುತ್ತದೆಂಬ ಕಾರಣಕ್ಕೆ ಫೆಡರಲ್ ವ್ಯಾಪಾರ ಆಯೋಗ 1996ರಲ್ಲಿ ವಿರೋಧಿಸಿತು. ಮರುವರ್ಷವೇ ಸಿವಿಎಸ್ ಅದನ್ನು ವಿಲೀನಗೊಳಿಸಿಕೊಂಡಿತು. ಆಗ ರೆವ್ಕೊ ಬಳಿ ಸುಮಾರು 2,500 ಮಳಿಗೆಗಳಿದ್ದವು. ಮಿಶಿಗನ್ ರಾಜ್ಯದ ಆರ್ಬರ್ ಡ್ರಗ್ಸ್ 1998ರಲ್ಲಿ ಅದೇ ಹಾದಿ ಹಿಡಿಯಿತು.

ಪಶ್ಚಿಮದಲ್ಲಿ ಲಾಸ್ ಏಂಜಲೀಸ್‌ನ ಥ್ರಿಫ್ಟಿ ಮಳಿಗೆಗಳು 1996ರಲ್ಲಿ ರೈಟ್ ಏಡ್ ವಶವಾದವು. 1938ರಲ್ಲಿ ಓಕ್ಲೆಂಡ್‌ನಲ್ಲಿ ಇಬ್ಬರು ಸಹೋದರರು ಆರಂಭಿಸಿದ ಲಾಂಗ್ಸ್ ಡ್ರಗ್ಸ್ 500ಕ್ಕೂ ಹೆಚ್ಚು ಮಳಿಗೆಗಳೊಂದಿಗೆ 2008ರಲ್ಲಿ ಸಿವಿಎಸ್ ಸೇರಿತು. ನ್ಯೂಯಾರ್ಕ್‌ನ ಡ್ವೇನ್ ಮತ್ತು ರೀಡ್ ಎಂಬ ಎರಡು ಬೀದಿಗಳಿಂದ ಹೆಸರು ಪಡೆದ ಡ್ವೇನ್ ರೀಡ್ ಸರಣಿಯನ್ನು 2010ರಲ್ಲಿ ವಾಲ್‌ಗ್ರೀನ್ಸ್ ಕೊಂಡುಕೊಂಡಿತು.

ಫ್ಲಾರಿಡಾದಲ್ಲಿ ಮನೆಮಾತಾಗಿದ್ದ ಎಕರ್ಡ್ ಸರಣಿಯದು ತುಂಡಾಗಿ ಹಂಚಿಹೋದ ಕಥೆ. ಜೆಸಿ ಪೆನ್ನಿ ಕಂಪೆನಿಯ ಒಡೆತನದಲ್ಲಿದ್ದ ಅದು 2004ರಲ್ಲಿ ಇಬ್ಬರಿಗೆ ಮಾರಾಟವಾಯಿತು. ಫ್ಲಾರಿಡಾ ಮತ್ತು ಟೆಕ್ಸಾಸ್‌ನಂತಹ ದಕ್ಷಿಣ ರಾಜ್ಯಗಳ ಮಳಿಗೆಗಳು ಸಿವಿಎಸ್‌ಗೆ ಸೇರಿದರೆ, ಉಳಿದವು ಕೆನಡಾದ ಕಂಪೆನಿಯೊಂದಕ್ಕೆ ಹೋದವು. 2007ರಲ್ಲಿ ಆ ಭಾಗವೂ ರೈಟ್ ಏಡ್ ಪಾಲಾಯಿತು.

ಕೊಂಡದ್ದು ಏನನ್ನು?

ಈ ವಹಿವಾಟುಗಳಲ್ಲಿ ಕಟ್ಟಡ, ಕಪಾಟುಗಳಿಗಿಂತ ಬೆಲೆಬಾಳುವ ಸ್ವತ್ತೆಂದರೆ ರೋಗಿಗಳ ಔಷಧ ಚೀಟಿಗಳ ದಾಖಲೆ. ರಕ್ತದೊತ್ತಡ, ಮಧುಮೇಹದಂತಹ ಕಾಯಿಲೆ ಇರುವವರು ಒಂದೇ ಔಷಧವನ್ನು ಮತ್ತೆ ಮತ್ತೆ ಪಡೆಯಬೇಕು. ದಾಖಲೆ ಯಾರ ಬಳಿ ಇದೆಯೋ ಅವರ ಅಂಗಡಿಗೆ ಆ ಗಿರಾಕಿಯೂ ಬರುವ ಸಾಧ್ಯತೆ ಹೆಚ್ಚು. ಆದ್ದರಿಂದಲೇ ಅಂಗಡಿಯನ್ನು ಮುಚ್ಚಿ ದಾಖಲೆಯನ್ನಷ್ಟೇ ಕೊಳ್ಳುವ ಪರಿಪಾಠ ಅಲ್ಲಿ ಬೇರೂರಿತು. 2025ರಲ್ಲಿ ಸಿವಿಎಸ್ ಸಂಸ್ಥೆಯು ರೈಟ್ ಏಡ್ ಮತ್ತು ಬಾರ್ಟೆಲ್‌ಗೆ ಸೇರಿದ 600ಕ್ಕೂ ಹೆಚ್ಚು ಔಷಧಾಲಯಗಳ ದಾಖಲೆಗಳನ್ನು ಪಡೆದುಕೊಂಡಿತು. ಆದರೆ ಮಳಿಗೆಯಾಗಿ ಮುಂದುವರಿಸಲು ಅದು ವಹಿಸಿಕೊಂಡದ್ದು 60ರ ಆಸುಪಾಸಿನಷ್ಟನ್ನು ಮಾತ್ರ.

ಸಣ್ಣ ಸರಣಿಗಳು ಮಾರಾಟಕ್ಕೆ ಮನಸ್ಸು ಮಾಡಲು ವಿಮಾ ವ್ಯವಸ್ಥೆಯೂ ಕಾರಣ. ಅಮೆರಿಕದಲ್ಲಿ ಔಷಧದ ಬೆಲೆಯ ಬಹುಪಾಲನ್ನು ಸಾಮಾನ್ಯವಾಗಿ ವಿಮೆ ಭರಿಸುತ್ತದೆ. ಅಂಗಡಿಗೆ ಎಷ್ಟು ಹಣ ಸಲ್ಲಬೇಕೆಂಬುದನ್ನು ವಿಮಾ ಕಂಪೆನಿಗಳ ಪರವಾಗಿ ಮಧ್ಯವರ್ತಿ ಸಂಸ್ಥೆಗಳು ನಿರ್ಧರಿಸುತ್ತವೆ. ವ್ಯಾಪಾರ ಆಯೋಗದ 2024ರ ವರದಿಯ ಪ್ರಕಾರ ದೇಶದ ಔಷಧ ಚೀಟಿಗಳಲ್ಲಿ ಶೇ. 80ರಷ್ಟನ್ನು ಮೂರೇ ಮಧ್ಯವರ್ತಿ ಸಂಸ್ಥೆಗಳು ನಿರ್ವಹಿಸುತ್ತವೆ. ಅವುಗಳಲ್ಲಿ ಒಂದಾದ ಕೇರ್‌ಮಾರ್ಕ್ 2007ರಿಂದ ಸಿವಿಎಸ್ ಒಡೆತನದಲ್ಲೇ ಇದೆ. ಇಂತಹವರೊಡನೆ ಚೌಕಾಸಿ ಮಾಡುವ ಶಕ್ತಿ ಒಂದೆರಡು ರಾಜ್ಯಕ್ಕೆ ಸೀಮಿತವಾದ ಸರಣಿಗೆ ಇರುವುದಿಲ್ಲ. ಜತೆಗೆ 2006ರಲ್ಲಿ ವಾಲ್‌ಮಾರ್ಟ್ ನಾಲ್ಕು ಡಾಲರ್‌ಗೆ ಜನರಿಕ್ ಔಷಧ ಮಾರಲು ತೊಡಗಿದ್ದು ಪೈಪೋಟಿಯನ್ನು ಇನ್ನಷ್ಟು ಬಿಗಿಗೊಳಿಸಿತು.

ನುಂಗಿದವರ ಗತಿ

ದೊಡ್ಡದಾದವರೆಲ್ಲ ಉಳಿದರೆಂದೇನೂ ಅಲ್ಲ. 1962ರಲ್ಲಿ ಪೆನ್ಸಿಲ್ವೇನಿಯಾದ ಸ್ಕ್ರಾಂಟನ್‌ನಲ್ಲಿ ಹುಟ್ಟಿದ ರೈಟ್ ಏಡ್, ಹತ್ತಾರು ಸರಣಿಗಳನ್ನು ಕೊಂಡು ಒಂದು ಹಂತದಲ್ಲಿ 5 ಸಾವಿರದಷ್ಟು ಮಳಿಗೆಗಳನ್ನು ಹೊಂದಿತ್ತು. ಸಾಲದ ಹೊರೆ, ಕುಸಿದ ಲಾಭ ಹಾಗೂ ಒಪಿಯಾಯ್ಡ್ ನೋವು ನಿವಾರಕಗಳಿಗೆ ಸಂಬಂಧಿಸಿದ ಮೊಕದ್ದಮೆಗಳ ನಡುವೆ 2023ರ ಅಕ್ಟೋಬರ್‌ನಲ್ಲಿ ಅದು ದಿವಾಳಿ ಅರ್ಜಿ ಸಲ್ಲಿಸಿತು. 2025ರ ಮೇ ತಿಂಗಳಲ್ಲಿ ಮತ್ತೊಮ್ಮೆ ನ್ಯಾಯಾಲಯದ ಮೆಟ್ಟಿಲೇರಿದ ಕಂಪೆನಿ, ಅದೇ ವರ್ಷ ಅಕ್ಟೋಬರ್‌ನಲ್ಲಿ ಕೊನೆಯ ಮಳಿಗೆಗಳನ್ನೂ ಮುಚ್ಚಿತು. ಉಳಿದ ದೈತ್ಯರೂ ಕುಗ್ಗುತ್ತಿದ್ದಾರೆ. ಮೂರು ವರ್ಷಗಳಲ್ಲಿ 900 ಮಳಿಗೆಗಳನ್ನು ಮುಚ್ಚುವುದಾಗಿ ಸಿವಿಎಸ್ 2021ರಲ್ಲಿ ಪ್ರಕಟಿಸಿದರೆ, ವಾಲ್‌ಗ್ರೀನ್ಸ್ 2024ರಲ್ಲಿ 1,200 ಮಳಿಗೆಗಳ ಬಗ್ಗೆ ಅಂತಹುದೇ ನಿರ್ಧಾರ ಪ್ರಕಟಿಸಿತು.

ಇದರ ನಿಜವಾದ ಪೆಟ್ಟು ಬೀಳುವುದು ಕಾರಿಲ್ಲದ ವೃದ್ಧರು, ಬಡ ಬಡಾವಣೆಗಳ ನಿವಾಸಿಗಳು ಮತ್ತು ಹಳ್ಳಿಗಾಡಿನ ರೋಗಿಗಳ ಮೇಲೆ. ಮೊದಲು ಒಂದೇ ವೃತ್ತದಲ್ಲಿ ಎರಡು ಸರಣಿಗಳ ಅಂಗಡಿಗಳಿದ್ದರೆ, ವಿಲೀನದ ಬಳಿಕ ಒಂದು ಉಳಿಯುತ್ತದೆ. ಅದೂ ನಷ್ಟದಲ್ಲಿ ನಡೆದರೆ ಬಾಗಿಲು ಹಾಕುತ್ತದೆ. ರೋಗಿಯ ದಾಖಲೆ ಕ್ಷಣದಲ್ಲಿ ಇನ್ನೊಂದು ಊರಿಗೆ ರವಾನೆಯಾಗಬಲ್ಲದು. ರೋಗಿಗೆ ಮಾತ್ರ ಅಲ್ಲಿಗೆ ತಲುಪುವುದು ಅಷ್ಟು ಸುಲಭವಲ್ಲ.

ಹಳೆಯ ಹೆಸರುಗಳಲ್ಲಿ ಕೆಲವು ಇನ್ನೂ ಉಳಿದಿವೆ. ಹವಾಯಿ ದ್ವೀಪಗಳಲ್ಲಿ ಲಾಂಗ್ಸ್ ಹೆಸರನ್ನು ಸಿವಿಎಸ್ ಹಾಗೆಯೇ ಉಳಿಸಿಕೊಂಡಿದೆ. ನ್ಯೂಯಾರ್ಕ್ ರಾಜ್ಯದ ಉತ್ತರ ಭಾಗ ಮತ್ತು ವರ್ಮಾಂಟ್‌ನಲ್ಲಿ, 1903ರಲ್ಲಿ ಆರಂಭವಾಗಿ ಈಗ ನೌಕರರದೇ ಒಡೆತನದಲ್ಲಿರುವ ಕಿನ್ನಿ ಡ್ರಗ್ಸ್ ತನ್ನದೇ ಹೆಸರಿನಲ್ಲಿ ವ್ಯಾಪಾರ ನಡೆಸುತ್ತಿದೆ.