ಸೌರ ಟ್ರೈಲರ್‌ಗೆ ಟ್ರ್ಯಾಕ್ಟರ್‌ನಿಂದ ವಿದ್ಯುತ್ ಸಂಪರ್ಕ: ಅನುಸರಿಸಬೇಕಾದ ಕ್ರಮಗಳು

ಸೌರ ಫಲಕ, ಬ್ಯಾಟರಿ ಮತ್ತು ಪಂಪ್ ಹೊಂದಿರುವ ಟ್ರೈಲರ್‌ಗೆ ಮೋಡ ಕವಿದ ದಿನಗಳಲ್ಲಿ ಟ್ರ್ಯಾಕ್ಟರ್‌ನಿಂದಲೂ ಚಾರ್ಜ್ ಒದಗಿಸಬಹುದು. ಆದರೆ ಎರಡೂ ಬ್ಯಾಟರಿಗಳನ್ನು ನೇರವಾಗಿ ಜೋಡಿಸಿದಲ್ಲಿ, ಎಂಜಿನ್ ನಿಂತಿರುವಾಗ ಪಂಪ್ ಟ್ರ್ಯಾಕ್ಟರ್‌ನ ಬ್ಯಾಟರಿಯನ್ನೂ ಬರಿದು ಮಾಡುತ್ತದೆ; ಟ್ರ್ಯಾಕ್ಟರ್ ಹೊಲದಲ್ಲೇ ನಿಲ್ಲಬೇಕಾಗುತ್ತದೆ.

1. ವೋಲ್ಟೇಜ್: ಟ್ರ್ಯಾಕ್ಟರ್ 12 ವೋಲ್ಟ್, ಟ್ರೈಲರ್ 24 ವೋಲ್ಟ್ ಇದ್ದಲ್ಲಿ ನೇರ ಜೋಡಣೆ ಸಲ್ಲದು.

2. ಬೇರ್ಪಡಿಕೆ: ಎರಡೂ 12 ವೋಲ್ಟ್‌ನ ಸೀಸ-ಆಮ್ಲ ಬ್ಯಾಟರಿಗಳಾಗಿದ್ದರೆ, ಕೀಲಿ ತಿರುಗಿಸಿ ಎಂಜಿನ್ ನಿಲ್ಲಿಸಿದೊಡನೆ ಸಂಪರ್ಕ ಕಡಿಯುವ ರಿಲೇ ಅಳವಡಿಸಿರಿ. ಲಿಥಿಯಂ ಬ್ಯಾಟರಿಯು ಆಲ್ಟರ್ನೇಟರ್‌ನಿಂದ ಅತಿಯಾದ ಕರೆಂಟ್ ಸೆಳೆಯಬಲ್ಲದು. ಆದ್ದರಿಂದ ಅದಕ್ಕೆ ಡಿಸಿ-ಡಿಸಿ ಚಾರ್ಜರ್ ಬಳಸಿರಿ.

3. ತಂತಿ: 5 ಮೀಟರ್ ದೂರಕ್ಕೆ 20 ಆಂಪಿಯರ್ ಹರಿದಾಗ, 2.5 ಚದರ ಮಿ.ಮೀ. ತಾಮ್ರದ ತಂತಿಯಲ್ಲಿ ಹೋಗಿ ಬರುವ ದಾರಿ ಸೇರಿ ಸುಮಾರು 1.4 ವೋಲ್ಟ್ ನಷ್ಟವಾಗುತ್ತದೆ. 10 ಚದರ ಮಿ.ಮೀ. ತಂತಿಯಲ್ಲಿ ಕೇವಲ 0.35 ವೋಲ್ಟ್. ಋಣ ತಂತಿಯನ್ನೂ ಅದೇ ಗಾತ್ರದಲ್ಲಿ ಪ್ರತ್ಯೇಕವಾಗಿ ಎಳೆಯಿರಿ. ಟ್ರೈಲರ್ ಕೊಂಡಿಯ ಕಬ್ಬಿಣವನ್ನು ಅವಲಂಬಿಸಬಾರದು.

4. ಫ್ಯೂಸ್: ಧನ ತಂತಿಗೆ ಎರಡೂ ಬ್ಯಾಟರಿಗಳ ಸಮೀಪ ಒಂದೊಂದು ಫ್ಯೂಸ್ ಇರಲಿ.

5. ಸೌರ ಫಲಕ: ಚಾರ್ಜ್ ನಿಯಂತ್ರಕಕ್ಕೆ ಮೊದಲು ಬ್ಯಾಟರಿಯನ್ನು, ಅನಂತರ ಫಲಕವನ್ನು ಜೋಡಿಸಿರಿ. ಬಿಚ್ಚುವಾಗ ಮೊದಲು ಫಲಕವನ್ನು ಬಿಚ್ಚಿರಿ.