ಬೆಟ್ಟದ ತೊರೆಗಳಲ್ಲಿ ನೀರಿನ ಸಂಚಾರಕಾಲ: ಅಧ್ಯಯನದ ಇತಿಹಾಸ

ಬೆಟ್ಟದ ಮೇಲೆ ಬಿದ್ದ ಮಳೆನೀರು ಮಣ್ಣು, ಬಂಡೆಗಳ ಒಳಗಿಂದ ಹಾದು ತೊರೆ ಸೇರಲು ಹಿಡಿಯುವ ಅವಧಿಯೇ ಸಂಚಾರಕಾಲ. ಮಳೆ ಬಂದ ಮೇಲೆ ತೊರೆ ಎಷ್ಟು ಬೇಗ ಏರುತ್ತದೆ, ಏರಿ ಬಂದ ನೀರು ಎಷ್ಟು ಹಳೆಯದು ಎಂಬ ಎರಡು ಪ್ರಶ್ನೆಗಳನ್ನು ಬಹುಕಾಲ ಒಂದೇ ಎಂದು ತಿಳಿಯಲಾಗಿತ್ತು. ಈ ವಿಷಯದ ಗೊಂದಲಗಳ ಮೂಲ ಅಲ್ಲಿದೆ. ನೆಲ ಹೀರಲಾರದ ಮಳೆ ಮೇಲೆಯೇ ಹರಿದು ತೊರೆ ಉಕ್ಕುತ್ತದೆಂಬ ರಾಬರ್ಟ್ ಹಾರ್ಟನ್‌ನ 1933ರ ವಿವರಣೆಯಂತೆ ನೋಡಿದರೆ ಪ್ರವಾಹದ ನೀರು ಅಂದಿನ ಮಳೆಯೇ ಆಗಿರಬೇಕು.

ಈ ನಂಬಿಕೆ ಕಠಿಣ ಪರೀಕ್ಷೆಗೆ ಒಳಗಾದದ್ದು ನ್ಯೂಜಿಲೆಂಡಿನ ಮೈಮೈ ಕಣಿವೆಯಲ್ಲಿ. ಅಲ್ಲಿ ಮಾಸ್ಲಿ 1979ರಲ್ಲಿ ಬಣ್ಣ ಬೆರೆಸಿದ ನೀರನ್ನು ಇಳಿಜಾರಿಗೆ ಸುರಿದಾಗ, ಅದು ಬೇರು ಕೊರೆದ ಬಿಲ, ಬಿರುಕುಗಳಲ್ಲಿ ಸರಸರನೆ ಇಳಿದುಬಂತು. ಹೊಸ ಮಳೆಯೇ ತೊರೆ ತುಂಬಿಸುತ್ತದೆಂಬ ತೀರ್ಮಾನಕ್ಕೆ ಇದು ಸಾಕ್ಷಿಯಂತೆ ಕಂಡಿತು. ಆದರೆ 1986ರಲ್ಲಿ ಅದೇ ಕಣಿವೆಯ ನೀರಿನ ಐಸೋಟೋಪು (ಒಂದೇ ಧಾತುವಿನ ಬೇರೆಬೇರೆ ತೂಕದ ಪರಮಾಣು) ಅಳತೆಗಳು ಪ್ರವಾಹದಲ್ಲಿ ಹೆಚ್ಚು ಪಾಲು ಮೊದಲೇ ಮಣ್ಣಿನಲ್ಲಿದ್ದ ಹಳೆಯ ನೀರೆಂದವು. ಎರಡರಲ್ಲಿ ಒಂದು ತಪ್ಪಿರಬೇಕೆಂದು ವಾದಿಸಿದವರಿದ್ದರು. 1990ರಲ್ಲಿ ಜೆಫ್ರಿ ಮೆಕ್‌ಡೊನೆಲ್ ಎರಡನ್ನೂ ಹೊಂದಿಸಿ ತೋರಿಸಿದರು: ಬಿರುಕಿನಲ್ಲಿ ಇಳಿದ ಮಳೆ ಬಂಡೆಯ ಮೇಲೆ ತಡೆದು ನಿಂತು, ಸುತ್ತಲಿನ ಮಣ್ಣಿನ ಹೇರಳ ಹಳೆಯ ನೀರಿನೊಡನೆ ಬೆರೆತು ಹೊರಬೀಳುತ್ತದೆ. ಒತ್ತಡ ಬೇಗ ಮುಟ್ಟುತ್ತದೆ, ನೀರು ನಿಧಾನ ಬರುತ್ತದೆ. ತುಂಬಿದ ಕೊಳವೆಯ ಒಂದು ತುದಿಗೆ ನೀರು ಬಿಟ್ಟೊಡನೆ ಇನ್ನೊಂದು ತುದಿಯಲ್ಲಿ ಸುರಿಯುವುದು ಒಳಗಿದ್ದ ನೀರೇ ಅಲ್ಲವೇ?

ಹಾಗಾದರೆ ಆ ನೀರಿನ ಸರಾಸರಿ ವಯಸ್ಸನ್ನು ಹೇಳಿದರೆ ಮುಗಿಯಿತೇ? ಮುಗಿಯದು. ವೇಲ್ಸಿನ ಪ್ಲಿನ್‌ಲಿಮನ್ ಬೆಟ್ಟದ ತೊರೆಗಳಲ್ಲಿ, ಮಳೆಯೊಡನೆ ಬಂದ ಸಮುದ್ರದ ಉಪ್ಪಿನ ಏರಿಳಿತವನ್ನು ವಿಶ್ಲೇಷಿಸಿ, ಕಿರ್ಚ್ನರ್ ಮತ್ತು ಸಂಗಡಿಗರು 2000ದಲ್ಲಿ ಸಂಚಾರಕಾಲಕ್ಕೆ ಉದ್ದನೆಯ ಬಾಲವಿದೆಯೆಂದರು: ಒಂದು ಪಾಲು ಬೇಗ ಹೊರಬಂದರೂ ಉಳಿದದ್ದು ಬಹುಕಾಲ ಒಸರುತ್ತಲೇ ಇರುತ್ತದೆ. ಕಲುಷಿತ ನೆಲ ತೊಳೆದುಹೋಗಲು ಏಕೆ ಇಷ್ಟು ತಡವೆಂಬುದು ಇದರಿಂದ ಅರ್ಥವಾಗುತ್ತದೆ. ಈ ಲೇಖನದ ದೃಷ್ಟಿಯಲ್ಲಿ ನಿಜವಾದ ತಿರುವು ಇದೇ. ಋತುಮಾನದ ಐಸೋಟೋಪು ಏರಿಳಿತ ಕೆಲವೇ ವರ್ಷಗಳಾಚೆಯ ನೀರನ್ನು ಕಾಣಲಾರದೆಂದು, ಅದನ್ನು ಹೈಡ್ರೋಜನ್ನಿನ ವಿಕಿರಣಶೀಲ ಐಸೋಟೋಪಾದ ಟ್ರೀಷಿಯಂ ತೋರಿಸಬಲ್ಲದೆಂದು 2010ರಲ್ಲಿ ಸ್ಟೀವರ್ಟ್ ಮತ್ತಿತರರು ಎಚ್ಚರಿಸಿದರು. ಬಗೆಬಗೆಯ ಉಪಕಣಿವೆಗಳು ಕೂಡಿದಾಗ ಸರಾಸರಿಯ ಲೆಕ್ಕ ಹಲವು ಪಟ್ಟು ತಪ್ಪಬಹುದೆಂದು 2016ರಲ್ಲಿ ಕಿರ್ಚ್ನರ್ ತೋರಿಸಿ, ಎರಡು ಮೂರು ತಿಂಗಳೊಳಗಿನ ‘ಎಳೆಯ ನೀರಿನ’ ಪಾಲನ್ನು ಅಳೆಯಲು ಸೂಚಿಸಿದರು. ಈ ಅಳತೆ ಹಳೆಯ ನೀರಿನ ಬಗ್ಗೆ ಮೌನವಾಗಿದೆಯೆಂಬ ಆಕ್ಷೇಪಣೆ ನ್ಯಾಯವೇ. ಆದರೂ ಅದೇ ವರ್ಷ ಜಾಸೆಚ್ಕೊ ಮತ್ತು ಸಂಗಡಿಗರು ಇದನ್ನೇ ಬಳಸಿ, ಜಗತ್ತಿನ ನದಿನೀರಿನ ಸುಮಾರು ಮೂರನೆಯ ಒಂದು ಪಾಲು ಎಳೆಯದೆಂದು, ಕಡಿದಾದ ಬೆಟ್ಟಗಳಲ್ಲಿ ಆ ಪಾಲು ಕಡಿಮೆಯೆಂದು ಕಂಡುಕೊಂಡರು.